ನನ್ನ ಪಾಲಿನ ಪೈಪು

ಐದು ತಿಂಗಳು ನನ್ನ ಹೊಟ್ಟೆಯೊಳಗೆ ದುಬೈಯಿಂದ ಬಂದ ಒಂದು ಪೈಪು ಇತ್ತು. ಮೂರು ತಿಂಗಳಿಗೆ ತೆಗೆಸಬೇಕಿತ್ತು. ತೆಗೆಸಲಿಲ್ಲ. ಪಾಪ, ಗಂಡ ಸತ್ತ ದುಃಖದಲ್ಲಿ ಮರೆತಳು ಎಂದು ಪೆರಾಬೆಯ ಜನ ಈಗಲೂ ಹೇಳುತ್ತಾರೆ. ಮರೆಯುವ ಹೆಂಗಸಲ್ಲ ನಾನು. ನನ್ನ ಮದುವೆಯ ದಿನ ಬಿರಿಯಾನಿಗೆ ಉಪ್ಪು ಕಡಿಮೆ ಎಂದು ಯಾರು ಮುಖ ಸೊಟ್ಟ ಮಾಡಿದರು ಎಂಬುದು ಕೂಡ ನನಗೆ ನೆನಪುಂಟು. ಈ ತಾರೀಕೂ ನೆನಪಿತ್ತು. ಎಂಬತ್ತಾರನೇ ಇಸವಿ, ಮೇ ಇಪ್ಪತ್ತು.

ನಾನು ಝೈನಬ. ತವರು ನರಿಮೊಗರು, ಕೊಟ್ಟದ್ದು ಪೆರಾಬೆಗೆ. ಗಂಡ ಸಮದ್ ದುಬೈಯ ಒಂದು ಗೋದಾಮಿನಲ್ಲಿ ಲಾರಿಗೆ ಸಾಮಾನು ಹತ್ತಿಸುವ, ಇಳಿಸುವ ಕೆಲಸದಲ್ಲಿದ್ದರು. ಮದುವೆಯಾಗಿ ಎಂಟು ವರ್ಷ, ಅವರು ಊರಿಗೆ ಬಂದದ್ದು ಮೂರು ಸಲ. ಮಕ್ಕಳಾಗಲಿಲ್ಲ. ಮನೆಯಲ್ಲಿ ಅತ್ತೆ ಮೈಮೂನಮ್ಮ, ನಾನು ಅವರನ್ನು ಮಾಮಿ ಎಂದು ಕರೆಯುವುದು. ಮತ್ತೆ ಗಂಡನ ಅಣ್ಣ ಪೋಕರ್ ಕಾಕ, ಕಡಬದ ಪೇಟೆಯಲ್ಲಿ ಅವರದ್ದು ಒಣಮೀನಿನ ಅಂಗಡಿ. ಅವರ ಹೆಂಡತಿ ಸುಹರಾ, ಮಗಳು ಮುನೀರಾ. ಇಷ್ಟೇ ಜನ.

ಎಡಗಡೆಯ ಕಿಡ್ನಿಯಿಂದ ಮೂತ್ರ ಇಳಿದು ಬರುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡು ನನಗೆ ಎಂಬತ್ತನಾಲ್ಕರಲ್ಲಿ ಒಮ್ಮೆ ಆಪರೇಶನ್ ಆಗಿತ್ತು. ಕಲ್ಲು ಹೋಯಿತು. ಆದರೆ ಹೊಲಿದ ಜಾಗ ಒಣಗುವಾಗ ಕುಗ್ಗಿ, ನಾಳವೇ ಇರುಕಾಯಿತು. ಮೂತ್ರಕ್ಕೆ ಇಳಿಯಲು ದಾರಿಯಿಲ್ಲದೆ ಕಿಡ್ನಿ ಊದಿಕೊಳ್ಳುತ್ತಿತ್ತು. ನೋವು ಬಂದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸುವಂಥ ನೋವು. ಎಂಬತ್ತಾರರ ಜನವರಿಯಲ್ಲಿ ಮಾಮಿ ನನ್ನನ್ನು ಮತ್ತೆ ಮಂಗಳೂರಿಗೆ ಕರೆದುಕೊಂಡು ಹೋದರು.

ಅಲ್ಲಿಯ ಡಾಕ್ಟರ್ ಸರ್ವೋತ್ತಮ ಒಳ್ಳೆಯ ಮನುಷ್ಯ. ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. "ನಾಳದ ಒಳಗೆ ಒಂದು ಸಪೂರ ಪೈಪು ಇಡುದು. ಮೇಲಿನ ತುದಿ ಕಿಡ್ನಿಯಲ್ಲಿ, ಕೆಳಗಿನ ತುದಿ ಮೂತ್ರಚೀಲದಲ್ಲಿ. ಮೂರು ತಿಂಗಳು ಇದ್ದರೆ ದಾರಿ ಬಿಡಿಸಿಕೊಳ್ತದೆ. ಆಮೇಲೆ ತೆಗೆಯುದು. ಕೊಯ್ಯಲಿಕ್ಕೆಲ್ಲ ಇಲ್ಲ, ಹತ್ತು ನಿಮಿಷದ ಕೆಲಸ."

"ಅದು ಜಾರಿ ಬೀಳುದಿಲ್ವಾ?" ಎಂದು ನಾನು ಕೇಳಿದೆ.

ಪಕ್ಕದಲ್ಲಿದ್ದ ಸಣ್ಣ ಡಾಕ್ಟರು ಉತ್ಸಾಹದಿಂದ, "ಇಲ್ಲ, ಎರಡೂ ತುದಿ ಸುತ್ತಿಕೊಂಡಿರ್ತದೆ, ಹಂದಿಯ ಬಾ..." ಎನ್ನುವಾಗ ಡಾಕ್ಟರ್ ಸರ್ವೋತ್ತಮ ಜೋರಾಗಿ ಕೆಮ್ಮಿದರು. "ಸೌತೆ ಬಳ್ಳಿಯ ಕುಡಿ ಉಂಟಲ್ಲ, ಹಾಗೆ," ಎಂದರು.

ನನಗೆ ಗೊತ್ತಾಗಲಿಲ್ಲ ಎಂದುಕೊಂಡರು. ನಮ್ಮ ಕಡೆ ಎಲ್ಲರೂ ಹಾಗೆಯೇ. ಬೇರೆಯವರ ಮನಸ್ಸಿಗೆ ಎಲ್ಲಿ ನೋವಾಗುತ್ತದೋ ಎಂಬ ಮರ್ಯಾದೆ ಒಂದು ಪಾವು ಹೆಚ್ಚೇ. ಮುಂದೆ ಆ ಮರ್ಯಾದೆಯೇ ನನ್ನನ್ನು ಮುಕ್ಕಾಲು ಕೊಂದಿತು.

ಆ ಪೈಪು ಆಗ ನಮ್ಮಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಗಲ್ಫಿನಲ್ಲಿ ಯಾರಾದರೂ ಇದ್ದಾರಾ ಎಂದು ಡಾಕ್ಟರು ಕೇಳಿದರು. ಒಳ್ಳೆಯ ಪ್ರಶ್ನೆ. ಬ್ಯಾರಿಗಳ ಮನೆಯವರಿಗೆ ಕೇಳುವುದಾ ಇದನ್ನು? ನನ್ನನ್ನು ಗೋಡೆಗೆ ನಿಲ್ಲಿಸಿ ಎತ್ತರ ನೋಡಿದರು. ನಾಳದ ಉದ್ದ ಮನುಷ್ಯರ ಎತ್ತರಕ್ಕೆ ತಕ್ಕ ಹಾಗೆ ಇರುತ್ತದಂತೆ. ಚೀಟಿಯಲ್ಲಿ ಅಳತೆ ಬರೆದುಕೊಟ್ಟರು, ಕಾಕ ಅದನ್ನು ದುಬೈಗೆ ಕಳಿಸಿದರು.

ಇಲ್ಲಿ ನಮ್ಮ ಮನೆಯ ಒಂದು ಕ್ರಮ ಹೇಳಬೇಕು. ದುಬೈಯಿಂದ ಪೆಟ್ಟಿಗೆ ಬಂದರೆ ಮಾಮಿ ಚಾವಡಿಯಲ್ಲಿ ಚಾಪೆ ಹಾಸಿ, ಕಾಲು ಚಾಚಿ, ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕೂರುವರು. ಸೆಂಟಿನ ಬಾಟಲಿ ಸುಹರಾನ ತವರಿಗೆ. ಟಾರ್ಚು ಮಸೀದಿಯ ಮುಸ್ಲಿಯಾರರಿಗೆ. ಸೀರೆ ನಾದಿನಿಯರಿಗೆ. ಆಚೆಮನೆ ಈಚೆಮನೆಗೆ ಎರಡೆರಡು ಸೋಪು, ನೀರು ಹೊರುವ ಚೆನ್ನುವಿಗೂ ಒಂದು. ಟ್ಯಾಂಗ್ ಪುಡಿ ಲೋಟದಲ್ಲಿ ಅಳೆದು ಓಣಿಯ ತುದಿಯ ಸುಂದರಿಯಕ್ಕನವರೆಗೆ ಹೋಗುವುದು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, "ನೀನು ಮನೆಯವಳೇ ಅಲ್ವಾ ಮೋಳೇ," ಎನ್ನುವರು. ಮೋಳೆ ಎಂದರೆ ಮಗಳು. ಮಗಳ ಪಾಲಿಗೆ ರಟ್ಟಿನ ಪೆಟ್ಟಿಗೆ. ಅದರಲ್ಲಿ ಸೌದೆಯ ಚೂರು ತುಂಬಿಸಿಡಲು ಬಹಳ ಒಳ್ಳೆಯದಾಗುತ್ತಿತ್ತು.

ಗಂಡ ನನ್ನವರು, ಪೆಟ್ಟಿಗೆ ಊರಿನದ್ದು. ಕಾಗದವೂ ಹಾಗೆಯೇ. ಮಾಮಿಗೆ ಓದು ಬಾರದು, ಮಗನ ಮಾತು ಕೇಳಬೇಕು. ಮುನೀರಾ ಗಟ್ಟಿಯಾಗಿ ಓದುವಳು, ಎಲ್ಲರೂ ಸುತ್ತ ಕೂತು ಕೇಳುವುದು. ಅಂಥ ಕಾಗದದಲ್ಲಿ ಗಂಡ ಹೆಂಡತಿಗೆ ಎಂತ ಬರೆದಾನು? ಮಳೆ ಬಂತಾ, ದನ ಕರು ಹಾಕಿತಾ, ಅಷ್ಟೇ.

ಫೆಬ್ರವರಿಯಲ್ಲಿ ಪೆಟ್ಟಿಗೆ ಬಂತು. ಎಲ್ಲ ಹಂಚಿ ಆಗುವಾಗ ಅಡಿಯಲ್ಲಿ ಒಂದು ಉದ್ದದ ತೆಳ್ಳಗಿನ ಪೊಟ್ಟಣ. ಒಳಗೆ ನೀಲಿ ಬಣ್ಣದ, ಹೊಲಿಗೆಯ ಸೂಜಿಗಿಂತ ಸ್ವಲ್ಪ ದಪ್ಪದ ಒಂದು ನಳಿಗೆ. ಮಾಮಿ ಅದನ್ನು ಬೆಳಕಿಗೆ ಹಿಡಿದರು. ಸುಹರಾ ಕೈ ಚಾಚಿದಳು. ಮಾಮಿ ಕೊಡಲಿಲ್ಲ. "ಇದು ಝೈನಬಂದು," ಎಂದು ನನ್ನ ಮಡಿಲಲ್ಲಿಟ್ಟರು. ಎಂಟು ವರ್ಷದಲ್ಲಿ ಮೊದಲ ಸಲ.

ಕಾಗದವನ್ನು ಮುನೀರಾ ಓದಿದಳು. ಮೂರು ಶುಕ್ರವಾರ, ಅಂದರೆ ಮೂರು ರಜೆ, ಅವರು ಔಷಧಿ ಅಂಗಡಿಗಳನ್ನು ಸುತ್ತಿದ್ದರಂತೆ. ಕೊನೆಗೊಂದು ಅಂಗಡಿಯಲ್ಲಿ ಸಿಕ್ಕಿತಂತೆ. ಚೀಟಿಯಲ್ಲಿ ಅಳತೆಯ ಅಂಕಿ ಬೆವರಿಗೆ ಮಾಸಿತ್ತು. ಅಂಗಡಿಯವನು ಹೆಂಡತಿ ಎಷ್ಟು ಎತ್ತರ ಎಂದು ಕೇಳಿದ. "ನನ್ನ ಅಂಗಿಯ ಎರಡನೇ ಗುಂಡಿಯವರೆಗೆ ಬರುತ್ತಾಳೆ ಎಂದು ಕೈಯಿಟ್ಟು ತೋರಿಸಿದೆ. ಅವನು ಅಳೆದು ಕೊಟ್ಟ. ಸರಿಯಾಗುತ್ತದೆ, ಹೆದರಬೇಡ ಎಂದು ಹೇಳಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುಹರಾ ಅಂತೂ ಒಂದು ವಾರ ನನ್ನನ್ನು "ಎರಡನೇ ಗುಂಡಿ" ಎಂದೇ ಕರೆದಳು. ನನಗೆ ನಾಚಿಕೆ, ಸಿಟ್ಟು, ಅದರ ಅಡಿಯಲ್ಲಿ ಎಂತದೋ ಒಂದು ಖುಷಿ. ನಾನು ಎಷ್ಟು ಎತ್ತರ ಎಂದು ಅವರಿಗೆ ಗೊತ್ತಿತ್ತು. ಮೂರೇ ಸಲ ಬಂದ ಮನುಷ್ಯ.

ಅಳತೆ ಸರಿಯಾಗಿಯೇ ಇತ್ತು. ಫೆಬ್ರವರಿ ಇಪ್ಪತ್ತಕ್ಕೆ ಪೈಪು ಇಟ್ಟರು. ಡಾಕ್ಟರು ಒಂದು ಕಾರ್ಡಿನಲ್ಲಿ ಕೆಂಪು ಶಾಯಿಯಿಂದ ತೆಗೆಯುವ ತಾರೀಕು ಬರೆದರು. "ನೀರು ಸರೀ ಕುಡಿಯಿರಿ. ತಾರೀಕು ದಾಟಿಸಬೇಡಿ. ದಾಟಿದರೆ ಪೈಪಿಗೆ ಕಲ್ಲು ಕಟ್ಟುತ್ತದೆ, ಕಿಡ್ನಿಯೇ ಹೋದೀತು," ಎಂದರು. ಮಾಮಿಗೆ ಒಮ್ಮೆ, ನನಗೆ ಒಮ್ಮೆ ಹೇಳಿದರು.

ಗೋಡೆಗೆ ತಲೆ ಚಚ್ಚಿಕೊಳ್ಳುವ ನೋವು ನಿಂತಿತು. ಬೇರೆ ಸಣ್ಣ ಕಿರಿಕಿರಿಗಳು ಬಂದವು. ಗಳಿಗೆಗೊಮ್ಮೆ ಹಿತ್ತಿಲಿಗೆ ಓಡಬೇಕು ಅನಿಸುವುದು. ಕೊಡ ಎತ್ತಿದರೆ ಸೊಂಟದ ಎಡಕ್ಕೆ ಒಳಗಿನಿಂದ ಚುಚ್ಚುವುದು. ಚುಚ್ಚಿದಾಗಲೆಲ್ಲ, "ಗೊತ್ತುಂಟು ಮಾರಾಯ್ರೆ, ನೀವು ಅಲ್ಲಿಯೇ ಇದ್ದೀರಿ," ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ತಮಾಷೆಗೆ.

ಏಪ್ರಿಲ್ ಒಂಬತ್ತಕ್ಕೆ ಲಾರಿಯಿಂದ ಜಾರಿದ ಕಬ್ಬಿಣದ ಪೆಟ್ಟಿಗೆಯ ಅಡಿಗೆ ಬಿದ್ದು ಅವರು ತೀರಿಕೊಂಡರು. ಟೆಲಿಗ್ರಾಂ ಬಂದದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಅವರನ್ನು ಅಲ್ಲಿಯೇ ಮಣ್ಣು ಮಾಡಿಯಾಗಿತ್ತು. ಗಂಡಸರು ಮಸೀದಿಯಲ್ಲಿ ಎದುರಿಗೆ ಮಯ್ಯತ್, ಅಂದರೆ ಶವ, ಇಲ್ಲದೆಯೇ ಮಯ್ಯತ್ತಿನ ನಮಾಜು ಮಾಡಿ ಬಂದರು. ಕಾಕ ಅಂಗಳದಲ್ಲಿ ನಿಂತು ಎರಡು ಕೈಯನ್ನೂ ನೋಡಿಕೊಳ್ಳುತ್ತಿದ್ದರು. ತಮ್ಮನಿಗೆ ಒಂದು ಹಿಡಿ ಮಣ್ಣು ಹಾಕಲು ಆಗಲಿಲ್ಲ ಎಂದು ಯಾರಿಗೋ ಹೇಳುತ್ತಿದ್ದರು.

ನನಗೆ ಅಳು ಬರಲಿಲ್ಲ. ಎಲ್ಲರೂ ಬಂದು ನನ್ನ ಮುಖ ನೋಡಿದರು, ನಾನೂ ಅವರ ಮುಖ ನೋಡಿದೆ. ಒಬ್ಬಳ ಮೂಗಿನ ಮೇಲೆ ಬೆವರಿತ್ತು, ಅದನ್ನೇ ನೋಡುತ್ತ ಕೂತೆ. ಬಳೆ ತೆಗೆದರು, ಬಿಳಿ ಬಟ್ಟೆ ಕೊಟ್ಟರು. ತಣ್ಣೀರಿನಲ್ಲಿ ಬಹಳ ಹೊತ್ತು ಅದ್ದಿಟ್ಟ ಕೈಯಂತೆ ಮೈಯೆಲ್ಲ ಜೋಮು ಹಿಡಿದಿತ್ತು. ಗಂಜಿ ಬಿಸಿಯಾ ತಣ್ಣಗಾ ಎಂದು ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಇದ್ದತ್ ಕೂತೆ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇರುವ ಕ್ರಮ ನಮ್ಮದು. ಅಲಂಕಾರವಿಲ್ಲ, ಸುಮ್ಮನೆ ಹೊರಗೆ ಹೋಗಲಿಕ್ಕಿಲ್ಲ, ಮದುವೆಯಾಗಬಹುದಾದ ಗಂಡಸರ ಎದುರು ಬರಲಿಕ್ಕಿಲ್ಲ. ಒಳಗಿನ ಕೋಣೆಯ ಬಾಗಿಲಿಗೆ ಒಂದು ಪರದೆ ಹಾಕಿದರು. ಕಾಕ ಕೂಡ ಪರದೆಯ ಆಚೆಯಿಂದಲೇ ಮಾತಾಡಬೇಕು. ನನಗೆ ಅದು ಕಷ್ಟವಾಗಲಿಲ್ಲ. ಒಳ್ಳೆಯದೇ ಆಯಿತು. ಮಾತು ಯಾರಿಗೆ ಬೇಕಿತ್ತು?

ಕೋಣೆಯಲ್ಲಿ ಚಾಪೆ, ಒಂದು ಟ್ರಂಕು, ನಾನು. ಅವರದ್ದೆಂದು ನನ್ನ ಹತ್ತಿರ ಎಂತ ಉಂಟು ಎಂದು ಒಂದು ದಿನ ಹುಡುಕಿದೆ. ಸೀರೆಗಳು ನಾದಿನಿಯರ ಮೈಮೇಲೆ. ಸೆಂಟು ಸುಹರಾನ ತವರಿನವರ ಕಂಕುಳಲ್ಲಿ. ಕಾಗದಗಳ ಕಟ್ಟು ಮಾಮಿಯ ತಲೆದಿಂಬಿನ ಅಡಿಯಲ್ಲಿ. ಫೋಟೋ ಚಾವಡಿಯಲ್ಲಿ, ಈಗ ಅದನ್ನೂ ತಿರುಗಿಸಿಟ್ಟಿದ್ದರು. ಚಾಪೆಯಿಂದ ಏಳುವಾಗ ಸೊಂಟದ ಎಡಕ್ಕೆ ಒಮ್ಮೆ ಚುಚ್ಚಿತು. ಅಲ್ಲಿಗೆ ಕೈಯಿಟ್ಟುಕೊಂಡೆ. ಮೈಯಲ್ಲಿ ಜೋಮು ಹಿಡಿಯದ ಜಾಗ ಅದೊಂದೇ. ಮಗುವೊಂದನ್ನು ಕೊಟ್ಟು ಹೋಗಿದ್ದರೆ ಬೇರೆ ಮಾತು. ಹೊಟ್ಟೆಯಲ್ಲಿ ಅವರದ್ದೆಂದು ಉಳಿದದ್ದು ಇದೇ.

ಆ ಗಳಿಗೆಯಲ್ಲೇ ತೀರ್ಮಾನ ಮಾಡಿದೆ. ತೆಗೆಸುವುದಿಲ್ಲ. ಕಿಡ್ನಿ ಹೋದರೆ ಹೋಗಲಿ.

ರಂಜಾನ್ ಬಂತು. ನೀರು ಸರೀ ಕುಡಿಯಿರಿ ಎಂದು ಡಾಕ್ಟರು ಹೇಳಿದ್ದರು. ಕಾಯಿಲೆಯವರಿಗೆ ಉಪವಾಸ ಬಿಡಲು ಅವಕಾಶವೂ ಉಂಟು. ನಾನು ಒಂದನ್ನೂ ಬಿಡಲಿಲ್ಲ. ಮೇ ಹದಿನೆಂಟಕ್ಕೆ ಪರದೆಯ ಆಚೆ ಕಾಕನ ಗಂಟಲು ಕೇಳಿಸಿತು. ಪಾಪ, ತಮ್ಮನ ಹೆಂಡತಿಯ ಹತ್ತಿರ ಮೂತ್ರದ ದಾರಿಯ ವಿಷಯ ಹೇಗೆ ಎತ್ತುವುದು?

"ಅದು... ಆ ಮಂಗಳೂರಿನ ತಾರೀಕು..." ಎಂದರು.

"ಇದ್ದತ್ ಮುಗಿಯಲಿ ಕಾಕ. ತಡ ಆದರೆ ತೊಂದರೆ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ," ಎಂದೆ. ಹಸಿ ಸುಳ್ಳು. ರಂಜಾನಿನಲ್ಲಿ.

"ಹಾಗಾ? ಹಾಗಾದ್ರೆ ಸರಿ," ಎಂದು ಹೋದರು. ಬಚಾವಾದೆ ಎಂದು ಅವರೂ ಅಂದುಕೊಂಡಿರಬೇಕು. ಮಾಮಿ ಕೇಳಲೇ ಇಲ್ಲ. ಆಗ ಮಾಮಿ ಯಾವುದನ್ನೂ ಕೇಳುತ್ತಿರಲಿಲ್ಲ. ಅಂಗಳದ ಕೊನೆಗೆ ಹೋಗಿ ಬಸ್ಸು ಬರುವ ರಸ್ತೆಯನ್ನು ನೋಡುತ್ತ ನಿಲ್ಲುವರು, ಸುಹರಾ ಕೈಹಿಡಿದು ಕರೆದುಕೊಂಡು ಬರುವಳು. ಮೇ ಇಪ್ಪತ್ತು ಬಂತು. ಕನ್ನಡಿಯ ಹಿಂದೆ ಸಿಕ್ಕಿಸಿದ್ದ ಕಾರ್ಡನ್ನು ತೆಗೆದು ಟ್ರಂಕಿನ ತಳಕ್ಕೆ ಹಾಕಿದೆ.

ಜೂನಿನ ಕೊನೆಗೆ ಸರಕಾರಿ ನರ್ಸು ಶಂಕರಿಯಕ್ಕ ಬಂದರು. ಹಳ್ಳಿ ಹಳ್ಳಿ ನಡೆದು, ಬಸುರಿಯರನ್ನು, ಮಕ್ಕಳನ್ನು ನೋಡಿಕೊಂಡು ಹೋಗುವವರು. ನನ್ನದೇ ಥರ ಬಾಯಿ ಜೋರು. ಹೆಂಗಸಾದ್ದರಿಂದ ಪರದೆ ಸರಿಸಿ ಸೀದಾ ಒಳಗೆ ಬಂದು ಚಾಪೆಯಲ್ಲಿ ಕೂತರು.

"ಆ ಪೈಪು ತೆಗೆಸಿಯಾಯ್ತಾ?"

"ಇಲ್ಲ."

"ಎಂತ ಇಲ್ಲ? ಬಚ್ಚಲಿನ ಹಂಡೆಯ ಒಳಗೆ ಬಿಳೀ ಚಿಟ್ಟು ಕಟ್ಟುದು ನೋಡಿಲ್ವಾ ನೀನು? ಹಾಗೆ ಕಟ್ಟುತ್ತದೆ ಅದಕ್ಕೆ. ಮತ್ತೆ ಎಳೆದರೆ ಬರುದಿಲ್ಲ."

"ನಾನು ಇದ್ದತ್ತಿನಲ್ಲಿ ಇದ್ದೇನೆ ಶಂಕರಿಯಕ್ಕ."

ಅವರ ಬಾಯಿ ಟಪ್ ಎಂದು ಮುಚ್ಚಿತು. ಅಂಥ ಹೆಂಗಸಿನ ಬಾಯಿ! ಊರ ಪಟೇಲರಿಗೂ ಹೆದರದವರು ನಮ್ಮ ಕ್ರಮದ ಹೆಸರು ಎತ್ತಿದ ಕೂಡಲೇ ಸೆರಗು ಸರಿಮಾಡಿಕೊಂಡರು. "ಅದು ನಿಮ್ಮ ಧರ್ಮದ ವಿಷಯ, ನಾನು ಎಂತ ಹೇಳುದು... ಜ್ವರ ಗಿರ ಬಂದರೆ ಹೇಳು ಆಯ್ತಾ," ಎಂದು ಮೆಲ್ಲಗೆ ಎದ್ದು ಹೋದರು. ನನಗೆ ನಗು ಬಂತು. ಈ ಒಂದು ಶಬ್ದ ಹೇಳಿದರೆ ಸಾಕು, ಇಡೀ ಊರೇ ಹಿಂದೆ ಸರಿಯುತ್ತದೆ. ಕಾಕ ನರ್ಸಿಗೆ ಗೊತ್ತಿರುತ್ತದೆ ಎಂದುಕೊಂಡರು. ನರ್ಸು ಕಾಕನಿಗೆ ಗೊತ್ತಿರುತ್ತದೆ ಎಂದುಕೊಂಡರು. ಕೇಳಿದರೆ ಎಲ್ಲಿ ತಪ್ಪಾಗುತ್ತದೋ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಎಂತ ಒಳ್ಳೆಯ ಜನ ನೋಡಿ.

ಜುಲೈಯಲ್ಲಿ ಮೂತ್ರಕ್ಕೆ ಕೆಂಪು ಬಂತು. ಹಿತ್ತಿಲಲ್ಲಿ ನೀರು ಹುಯ್ದು ತೊಳೆದೆ. ಬದಿಯಲ್ಲಿ ಭಾರ, ಸಂಜೆಗೆ ಸಣ್ಣ ಜ್ವರ. ಹೆದರಿಕೆ ಕೂಡ ಆಗಲಿಲ್ಲ. ಚುಚ್ಚುವುದು ಹೆಚ್ಚಾದಷ್ಟೂ ಅವರು ಹತ್ತಿರ ಬಂದ ಹಾಗೆ, ಹುಚ್ಚು ನನ್ನದು.

ಆದರೆ ಶಂಕರಿಯಕ್ಕನಿಗೆ ನಿದ್ದೆ ಬಂದಿರಲಿಲ್ಲವಂತೆ. ಹದಿನೈದು ಇಪ್ಪತ್ತು ದಿನ ತಡೆದುಕೊಂಡು, ಕೊನೆಗೆ ಒಂದು ಮಧ್ಯಾಹ್ನ ಕೊಡೆ ಹಿಡಿದುಕೊಂಡು ಮಸೀದಿಯ ಗೇಟಿಗೇ ಹೋಗಿ ಮುಸ್ಲಿಯಾರರನ್ನು ಕರೆಸಿ ಕೇಳಿದರಂತೆ. ಅಲ್ಲಿಂದ ಸೀದಾ ನಮ್ಮ ಮನೆಗೆ. ಮಾಮಿ ಚಾವಡಿಯಲ್ಲಿದ್ದರು, ನಾನು ಪರದೆಯ ಈಚೆ.

"ಮೈಮೂನಮ್ಮ, ಮುಸ್ಲಿಯಾರರು ನನಗೆ ಬೈದರು. ಜೀವಕ್ಕೆ ಕಷ್ಟ ಇರುವಾಗ ಆಸ್ಪತ್ರೆಗೆ ಹೋಗಬಾರದು ಅಂತ ಯಾರು ಹೇಳಿದ್ದು, ಗಂಡಸು ಡಾಕ್ಟ್ರಾದರೂ ಹೋಗಬೇಕು, ಇಷ್ಟು ದಿನ ನನ್ನನ್ನು ಯಾಕೆ ಕೇಳಲಿಲ್ಲ ಅಂತ. ಈಗಲೇ ಕಳಿಸಿ ಅಂದರು. ನಾನು ಕೇಳದ್ದು ತಪ್ಪು. ನೀವು ಯಾಕೆ ಕೇಳಲಿಲ್ಲ?"

ಮಾಮಿ ಚಾಪೆಯಿಂದ ಎದ್ದ ಸದ್ದು ಕೇಳಿಸಿತು. ಮತ್ತೆ ಪರದೆ ಸರಿಯಿತು. "ನಿನಗೆ ಇದು ಗೊತ್ತಿರಲಿಲ್ವಾ ಮೋಳೇ? ನರಿಮೊಗರಿನಲ್ಲಿ ನಿನ್ನ ಸೋದರತ್ತೆ ಇದ್ದತ್ತಿನಲ್ಲಿ ಇರುವಾಗ ಕಣ್ಣಿನ ಆಪರೇಶನ್‌ಗೆ ಪುತ್ತೂರಿಗೆ ಹೋಗಿದ್ದರಲ್ಲ. ಜೊತೆಗೆ ಹೋದದ್ದು ನೀನೇ."

ಸಿಕ್ಕಿಬಿದ್ದೆ. ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು ಉಂಟಲ್ಲ, ಅದು ಬಂತು. ಮೂರು ತಿಂಗಳು ಮರಗಟ್ಟಿದ್ದ ಬಾಯಿ ತೆರೆಯಿತು.

"ಗೊತ್ತಿತ್ತು. ಎಲ್ಲ ಗೊತ್ತಿತ್ತು. ನಾನು ತೆಗೆಸುದಿಲ್ಲ. ಎಂಟು ವರ್ಷ ಅವರು ಕಳಿಸಿದ್ದನ್ನೆಲ್ಲ ನೀವು ಹಂಚಿದಿರಿ. ಸೋಪು ಹಂಚಿದಿರಿ, ಸೀರೆ ಹಂಚಿದಿರಿ, ನನಗೆ ಬರೆದ ಕಾಗದ ಚಾವಡಿಯಲ್ಲಿ ಓದಿಸಿ ನಕ್ಕಿರಿ. ಇದೊಂದು ನನ್ನದು. ಇದನ್ನು ಹಂಚಲಿಕ್ಕೆ ಆಗುದಿಲ್ಲ ನಿಮಗೆ. ಇದು ಹೋದರೆ ನನ್ನ ಹತ್ತಿರ ಅವರದ್ದು ಎಂತ ಉಂಟು? ಆ ರಟ್ಟಿನ ಪೆಟ್ಟಿಗೆಯಾ?"

ಶಂಕರಿಯಕ್ಕ ಬಾಗಿಲಲ್ಲೇ ನಿಂತಿದ್ದರು. ಕೊಡೆಯಿಂದ ನೀರು ಇಳಿಯುತ್ತಿತ್ತು. ಮಾಮಿ ನನ್ನ ಎದುರು ಕೂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಹಂಚಿ ತಿಂದ ಮನೆಯ ಮಗನಿಗೆ ಪರದೇಶದಲ್ಲಿ ಆಯುಷ್ಯ ಗಟ್ಟಿ ಅಂತ ನನ್ನ ಉಮ್ಮ ಹೇಳ್ತಿದ್ದದ್ದು," ಎಂದರು. "ಅವನು ಮೊದಲ ಸಲ ಹಡಗು ಹತ್ತಿದ ದಿನದಿಂದ ನನಗೆ ಹೆದರಿಕೆ. ಅದಕ್ಕೇ ಹಂಚಿದ್ದು. ನಿನಗೆ ಕೊಡಲಿಲ್ಲ ಅಂತ ನೀನು ನೋಡಿದಿ. ನಾನು ಒಂದು ಸೋಪಾದರೂ ಇಟ್ಟುಕೊಂಡದ್ದು ನೋಡಿದ್ದೀಯಾ? ಇಷ್ಟು ಹಂಚಿದೆ ಮೋಳೇ. ಸಾಕಾಗಲಿಲ್ಲ."

ಮಾಮಿ ಕೂಡ ಈಚಲ ಚಾಪೆಯಲ್ಲೇ ಮಲಗುವುದನ್ನು, ಊರ ಅಂಗಡಿಯ ಅಗ್ಗದ ಸೋಪನ್ನೇ ಉಪಯೋಗಿಸುವುದನ್ನು ನಾನು ನೋಡಿದ್ದೆ, ಆದರೆ ಗಮನಿಸಿರಲಿಲ್ಲ. ಆದರೂ ಹಟ ಬಿಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದೆ. ಮಾಮಿ ಕಾಕನಿಗೆ ಹೇಳಿ ಮರುದಿನಕ್ಕೆ ಜೀಪು ತರಿಸಿದರು, ನಾನು ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹಲ್ಲು ಕಟಕಟ ಬಡಿಯುವ ಚಳಿಜ್ವರ ಬಂತು. ಮೂರು ಕಂಬಳಿ ಹೊದೆಸಿದರೂ ನಿಲ್ಲಲಿಲ್ಲ. ಆಗ ಯಾರೂ ನನ್ನನ್ನು ಕೇಳಲಿಲ್ಲ. ಮಾಮಿ ತಲೆ ಹಿಡಿದರು, ಶಂಕರಿಯಕ್ಕ ಕಾಲು ಹಿಡಿದರು, ಜೀಪು ಉಪ್ಪಿನಂಗಡಿ ದಾರಿಯಾಗಿ ಮಂಗಳೂರಿಗೆ ಹೋಯಿತು.

ಡಾಕ್ಟರ್ ಸರ್ವೋತ್ತಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಪೈಪಿನ ಎರಡೂ ತುದಿಗೆ ಕಲ್ಲು ಉಂಡೆ ಕಟ್ಟಿತ್ತು. ಅಷ್ಟು ಒಳ್ಳೆಯ ಮನುಷ್ಯ, ಬೊಬ್ಬೆ ಹಾಕಿದರು. "ಕೆಂಪು ಶಾಯಿಯಲ್ಲಿ ಬರೆದುಕೊಟ್ಟದ್ದು ನಾನು! ಎರಡು ತಿಂಗಳು ದಾಟಿದೆ! ಎಂತ ಮಾಡ್ತಿದ್ದಿರಿ ನೀವೆಲ್ಲ?"

"ಇದ್ದತ್ ಇತ್ತು ಸರ್," ಎಂದರು ಶಂಕರಿಯಕ್ಕ, ನನ್ನ ಮಾನ ಉಳಿಸಲು.

"ಓ... ಹಾಗಾ," ಎಂದರು ಡಾಕ್ಟರು. ಸ್ವರ ಕೂಡಲೇ ಇಳಿಯಿತು. ಕಣ್ಣನ್ನು ಬೇರೆ ಕಡೆ ತಿರುಗಿಸಿದರು. ಅದೇ ಮರ್ಯಾದೆ. ಆ ಜ್ವರದಲ್ಲಿಯೂ ನನಗೆ ತಡೆಯಲಾಗಲಿಲ್ಲ.

"ಇದ್ದತ್ ಅಲ್ಲ ಡಾಕ್ಟ್ರೇ. ನಮ್ಮ ಕ್ರಮ ನನ್ನನ್ನು ತಡೆಯಲಿಲ್ಲ. ನಾನೇ ಬರಲಿಲ್ಲ."

ಹತ್ತು ನಿಮಿಷದ ಕೆಲಸಕ್ಕೆ ಹೊಟ್ಟೆ ಕೊಯ್ದು ಮೂರು ಗಂಟೆ ಹಿಡಿಯಿತು. ಎಡದ ಕಿಡ್ನಿ ಇನ್ನು ಕಾಲಂಶ ಕೆಲಸ ಮಾಡಿದರೆ ಹೆಚ್ಚು ಎಂದರು. ಜೀವ ಉಳಿಯಿತು. ನನಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಎಚ್ಚರವಾದಾಗ ಮೊದಲು ಸೊಂಟದ ಎಡಕ್ಕೆ ಕೈ ಹೋಯಿತು. ಹತ್ತಿ, ಪಟ್ಟಿ, ಅದರಡಿ ಹೊಲಿಗೆಯ ಉರಿ. ಆ ಚುಚ್ಚುವುದು ಮಾತ್ರ ಇರಲಿಲ್ಲ. ಮತ್ತೆ ಮಲಗಿದೆ.

ಶಂಕರಿಯಕ್ಕ ಹೇಳಿದ್ದು ಇದು. ಪೈಪನ್ನು ಒಂದು ಸ್ಟೀಲಿನ ತಟ್ಟೆಯಲ್ಲಿ ತಂದು ಮಾಮಿಗೆ ತೋರಿಸಿದರಂತೆ. ನೀಲಿ ಬಣ್ಣ ಕಾಣುತ್ತಲೇ ಇರಲಿಲ್ಲವಂತೆ, ಸುಣ್ಣದ ಕಡ್ಡಿಯ ಹಾಗಾಗಿತ್ತಂತೆ. ಆಸ್ಪತ್ರೆಯ ಹುಡುಗಿ ಅದನ್ನು ಬಿಸಾಡಲು ಹೊರಟಾಗ ಮಾಮಿ ಅವಳ ಕೈ ಹಿಡಿದರಂತೆ.

"ಬಿಸಾಡಬಾರದು ಮೋಳೇ. ಮೈಯಿಂದ ಬಂದದ್ದನ್ನು ನಾವು ಬಿಸಾಡುದಿಲ್ಲ. ಉಗುರಾಗಲಿ ಹಲ್ಲಾಗಲಿ, ಮಣ್ಣು ಮಾಡುದು."

ಹಾರ್ಲಿಕ್ಸ್ ಬಾಟಲಿಯಲ್ಲಿ ಹತ್ತಿಯಿಟ್ಟು ಕೊಟ್ಟರು. ಹದಿನೈದು ದಿನ ಅದು ನನ್ನ ಮಂಚದ ಅಡಿಯಲ್ಲಿಯೇ ಇತ್ತು. ನಾನು ಬಗ್ಗಿ ನೋಡಲಿಲ್ಲ.

ಮನೆಗೆ ಬಂದಾಗ ಇದ್ದತ್ ಮುಗಿಯಲು ಇನ್ನೂ ಒಂದು ವಾರ ಇತ್ತು. ಪರದೆ ಹಾಗೆಯೇ ಇತ್ತು. ಬಂದ ಎರಡನೇ ದಿನ, ಕಾಕ ಅಂಗಡಿಗೆ, ಸುಹರಾ ತವರಿಗೆ, ಮುನೀರಾ ಮದರಸಕ್ಕೆ ಹೋಗಿದ್ದ ಹೊತ್ತಿಗೆ, ಮಾಮಿ ಆ ಬಾಟಲಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಬಂದು ನನ್ನ ಮಡಿಲಲ್ಲಿಟ್ಟರು. ಫೆಬ್ರವರಿಯಲ್ಲಿ ಇಟ್ಟ ಹಾಗೆಯೇ.

"ಇದು ನಿಂದು," ಎಂದರು. "ಇಟ್ಟುಕೊಳ್ಳುದಾದರೆ ಇಟ್ಟುಕೋ. ನಾನು ಯಾರಿಗೂ ಹೇಳುದಿಲ್ಲ. ಮಣ್ಣು ಮಾಡುದಾದರೆ..." ಅಲ್ಲಿಗೆ ನಿಂತರು. ಎಂಟು ವರ್ಷದಲ್ಲಿ ಆ ಹೆಂಗಸು ಮಾತಿಗೆ ತಡವರಿಸಿದ್ದನ್ನು ನಾನು ಕಂಡಿರಲಿಲ್ಲ. "ಮಣ್ಣು ಮಾಡುದಾದರೆ ನನಗೂ ಸ್ವಲ್ಪ ಪಾಲು ಕೊಡ್ತೀಯಾ? ಇದು ಅವನ ಕೈ ಮುಟ್ಟಿದ್ದಲ್ವಾ."

ಹತ್ತಿಯನ್ನು ಬಿಡಿಸಿ ನೋಡಿದೆ. ಸುಣ್ಣ ಒಂದು ಕಡೆ ಒಡೆದು, ಅಕ್ಕಿಕಾಳಿನಷ್ಟು ಜಾಗದಲ್ಲಿ ನೀಲಿ ಕಾಣುತ್ತಿತ್ತು. ಮೂರು ಶುಕ್ರವಾರ ಸುತ್ತಿ ತಂದದ್ದು. ನಾನು ಬದುಕಲಿ ಎಂದು ತಂದದ್ದು. ಅದನ್ನು ಇಟ್ಟುಕೊಂಡು ನಾನು ಎಂತ ಮಾಡಿದೆ? ನಾಚಿಕೆಯಾಯಿತು. ಬಹಳ ದಿನದ ಮೇಲೆ ಎಂತದೋ ಒಂದು ಆಯಿತು.

"ಬನ್ನಿ," ಎಂದೆ.

ಹಿತ್ತಿಲ ಗೋಡೆಯ ಬದಿಗೆ ಒಂದು ಮದರಂಗಿ ಗಿಡ ಉಂಟು. ಕಬರಿನ ತಲೆಯ ಬಳಿ ನಮ್ಮವರು ನೆಡುವುದು ಅದೇ ಗಿಡ. ಮಾಮಿ ಕತ್ತಿಯ ತುದಿಯಿಂದ ಅದರ ಬುಡದಲ್ಲಿ ಮೊಣಕೈಯಷ್ಟು ಆಳ ತೋಡಿದರು. ನನ್ನ ಹೊಲಿಗೆ ಎಳೆಯುತ್ತಿತ್ತು, ಗೋಡೆ ಹಿಡಿದು ಮೆಲ್ಲ ಕೂತೆ. ಹತ್ತಿಯ ಸಮೇತ ಅದನ್ನು ಇಳಿಸಿದೆ.

ನಮ್ಮಲ್ಲಿ ಮಯ್ಯತ್ತಿಗೆ ಮೂರು ಹಿಡಿ ಮಣ್ಣು ಹಾಕುವುದು ಗಂಡಸರು. ಹೆಂಗಸರು ಮನೆಯಲ್ಲಿ ಕೂತು ಕುರಾನ್ ಓದುವುದು. ಮಾಮಿ ಕೆಳಗೆ ಕೂತು ಬಿಸ್ಮಿ ಹೇಳಿ ಒಂದು ಹಿಡಿ ಹಾಕಿದರು. ನಾನೂ ಒಂದು ಹಿಡಿ ಹಾಕಿದೆ. ಮಣ್ಣು ಒದ್ದೆಯಿತ್ತು, ತಣ್ಣಗಿತ್ತು. ತಣ್ಣಗಿದೆ ಎಂದು ಕೈಗೆ ಗೊತ್ತಾಯಿತು. ಎರಡನೇ ಹಿಡಿ ಹಾಕುವಾಗ ಮಾಮಿ, "ಸಮದ್," ಎಂದು ಒಮ್ಮೆ ಕರೆದರು, ಊಟಕ್ಕೆ ಕರೆದಷ್ಟೇ ಸ್ವರದಲ್ಲಿ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿದ್ದುದು ಗಲ್ಲ ಒದ್ದೆಯಾದ ಮೇಲೆ ತಿಳಿಯಿತು. ಒರೆಸಿಕೊಳ್ಳಲು ಕೈ ತುಂಬ ಮಣ್ಣಿತ್ತು.

ಮೂರು ಹಿಡಿ ಆಯಿತು. ಹೊಂಡ ತುಂಬಿತು. ಮಾಮಿ ನಿಲ್ಲಿಸಲಿಲ್ಲ. ಬದಿಯ ಮಣ್ಣನ್ನು ಎರಡು ಕೈಯಲ್ಲಿ ಬಾಚಿ ಬಾಚಿ ಹಾಕುತ್ತಲೇ ಇದ್ದರು. ಸಾಕು ಎಂದು ನಾನು ಹೇಳಲಿಲ್ಲ. ಅವರ ಕಡೆ ಇದ್ದ ಮಣ್ಣು ಮುಗಿಯುತ್ತ ಬಂದಾಗ, ನನ್ನ ಕಡೆಯದನ್ನು ಅವರ ಹತ್ತಿರಕ್ಕೆ ತಳ್ಳಿದೆ.